ಟೆಕ್ಸಸ್‌ನಲ್ಲಿ ವಲಸೆ ಮಕ್ಕಳಿಗೆ ಸ್ಪ್ಯಾನಿಷ್‌ನಲ್ಲಿ ಪಾಠ ಮಾಡಿದರೆ ಇಂಗ್ಲಿಷ್ ತಡ ಆಗಲ್ವಾ?

ನಿಮ್ಮ ಮಗನ ಶಾಲೆಯಲ್ಲಿ ಹೊಂಡುರಾಸ್, ಮೆಕ್ಸಿಕೋ ಕಡೆಯಿಂದ ಬಂದ ಮಕ್ಕಳಿಗೆ ಗಣಿತ, ವಿಜ್ಞಾನ ಎಲ್ಲ ಸ್ಪ್ಯಾನಿಷ್‌ನಲ್ಲೇ ನಡೆಯುತ್ತದೆ, ಮೊದಲ ದಿನದಿಂದ ಬರೀ ಇಂಗ್ಲಿಷ್‌ನಲ್ಲಿ ಹೇಳಿಕೊಟ್ಟರೆ ಅವರಿಗೇ ಒಳ್ಳೆಯದಲ್ವಾ ಅಂತ ಕೇಳಿದ್ದೀರಿ. ನಾನು ಟೆಕ್ಸಸ್‌ನ ಒಂದು ಪ್ರಾಥಮಿಕ ಶಾಲೆಯಲ್ಲಿ ಇಂಥ ಮಕ್ಕಳ ಜೊತೆಗೇ ಕೆಲಸ ಮಾಡುತ್ತೇನೆ. ಇಲ್ಲಿನ ಕನ್ನಡದ ಅಪ್ಪ ಅಮ್ಮಂದಿರೂ ಇದನ್ನು ಕೇಳುತ್ತಿರುತ್ತಾರೆ. ನಷ್ಟ ಆಗುವುದಿಲ್ಲ. ಸರಿಯಾಗಿ ನಡೆಸಿದರೆ ಲಾಭವೇ ಜಾಸ್ತಿ.

ಇದು ಶಾಲೆಯವರು ಸುಮ್ನೆ ಇಟ್ಟುಕೊಂಡ ಪದ್ಧತಿ ಅಲ್ಲ. ಒಂದು ಶಾಲಾ ಜಿಲ್ಲೆಯಲ್ಲಿ (ಅಂದರೆ ಒಂದೇ ಆಡಳಿತದ ಕೆಳಗಿರುವ ಶಾಲೆಗಳಲ್ಲಿ) ಒಂದೇ ತರಗತಿ ಮಟ್ಟದಲ್ಲಿ, ಒಂದೇ ಮನೆಮಾತಿನ, ಇಂಗ್ಲಿಷ್ ಇನ್ನೂ ಕಲಿಯುತ್ತಿರುವ 20 ಮಕ್ಕಳಿದ್ದರೆ ಅವರಿಗೆ ಎರಡು ಭಾಷೆಯ ಪಾಠ ಕೊಡಲೇಬೇಕು ಅಂತ ಟೆಕ್ಸಸ್ ಕಾನೂನಿದೆ. ದೇಶದ ಮಟ್ಟದಲ್ಲಿ 1974ರ ಸುಪ್ರೀಂ ಕೋರ್ಟ್ ತೀರ್ಪೊಂದಿದೆ. ಅದು ಸ್ಯಾನ್ ಫ್ರಾನ್ಸಿಸ್ಕೋದ ಚೀನೀ ಮಕ್ಕಳ ಕೇಸು. ಅರ್ಥವೇ ಆಗದ ಭಾಷೆಯಲ್ಲಿ ಎಲ್ಲರಿಗೂ ಅದೇ ಪುಸ್ತಕ, ಅದೇ ಮೇಷ್ಟ್ರು ಕೊಟ್ಟರೆ ಸಮಾನತೆ ಆಗುವುದಿಲ್ಲ ಎಂದು ನ್ಯಾಯಾಧೀಶರೆಲ್ಲ ಒಪ್ಪಿದರು.

ಈಗ ನಿಮ್ಮ ಮುಖ್ಯ ಅನುಮಾನಕ್ಕೆ ಬರೋಣ. ಆಟದ ಮೈದಾನದ ಇಂಗ್ಲಿಷ್ ಮಕ್ಕಳಿಗೆ ಒಂದೆರಡು ವರ್ಷದಲ್ಲಿ ಬಂದುಬಿಡುತ್ತದೆ. ಜಗಳ ಆಡುತ್ತಾರೆ, ಚಾಡಿ ಹೇಳುತ್ತಾರೆ, ನಗಿಸುತ್ತಾರೆ. ನೋಡಿದವರು 'ಇವನಿಗೆ ಇಂಗ್ಲಿಷ್ ಬಂತು' ಅಂದುಕೊಳ್ಳುತ್ತಾರೆ. ಆದರೆ ವಿಜ್ಞಾನದ ಒಂದು ಪ್ಯಾರಾ ಓದಿ ಕಾರಣ ಬರೆ ಎಂದರೆ ಅದೇ ಹುಡುಗ ಕೂತುಬಿಡುತ್ತಾನೆ. ಪಾಠದ ಇಂಗ್ಲಿಷ್‌ಗೆ ಐದರಿಂದ ಏಳು ವರ್ಷ ಬೇಕು ಎಂದು ಕೆನಡಾದ ಭಾಷಾ ಕಲಿಕೆಯ ಸಂಶೋಧಕ ಜಿಮ್ ಕಮಿನ್ಸ್ ದಶಕಗಳ ಹಿಂದೆಯೇ ತೋರಿಸಿಕೊಟ್ಟರು. ಆ ಐದಾರು ವರ್ಷ ಗಣಿತ, ವಿಜ್ಞಾನ ಕಾಯುತ್ತವಾ? ಭಿನ್ನರಾಶಿಯನ್ನು ಸ್ಪ್ಯಾನಿಷ್‌ನಲ್ಲಿ ಅರ್ಥ ಮಾಡಿಕೊಂಡ ಹುಡುಗಿ ಅದನ್ನು ಇಂಗ್ಲಿಷ್‌ನಲ್ಲಿ ಮೊದಲಿಂದ ಕಲಿಯಬೇಕಾಗಿಲ್ಲ. ಓದುವುದೂ ಹಾಗೇ. ಅಕ್ಷರಕ್ಕೂ ಸದ್ದಿಗೂ ಇರುವ ನಂಟು ಒಂದು ಭಾಷೆಯಲ್ಲಿ ಹಿಡಿತಕ್ಕೆ ಸಿಕ್ಕರೆ ಇನ್ನೊಂದರಲ್ಲಿ ಅರ್ಧ ಕೆಲಸ ಆದಂತೆ.

ಓರೆಗಾನ್‌ನ ಪೋರ್ಟ್‌ಲ್ಯಾಂಡ್‌ನಲ್ಲಿ ಎರಡು ಭಾಷೆಯ ತರಗತಿಗೆ ಲಾಟರಿ ಎತ್ತಿ ಸೀಟು ಕೊಡುತ್ತಾರೆ. ಸೀಟು ಸಿಕ್ಕಿದ ಮಕ್ಕಳನ್ನೂ ಸಿಗದ ಮಕ್ಕಳನ್ನೂ ಹೋಲಿಸಿ ನೋಡಿದ್ದಾರೆ. ಎಂಟನೇ ಕ್ಲಾಸಿನ ಹೊತ್ತಿಗೆ ಸೀಟು ಸಿಕ್ಕಿದವರು ಇಂಗ್ಲಿಷ್ ಓದಿನಲ್ಲೇ ಸುಮಾರು 9 ತಿಂಗಳ ಕಲಿಕೆಯಷ್ಟು ಮುಂದಿದ್ದರು. ಕ್ಯಾಲಿಫೋರ್ನಿಯಾದ ಲ್ಯಾಟಿನೋ ಮಕ್ಕಳ ಬಗ್ಗೆ ಸ್ಟ್ಯಾನ್‌ಫರ್ಡ್‌ನವರು 2014ರಲ್ಲಿ ಪ್ರಕಟಿಸಿದ ಅಧ್ಯಯನವೂ ಇಂಥದ್ದನ್ನೇ ಹೇಳಿತು. ಎರಡು ಭಾಷೆಯ ತರಗತಿಯವರು ಇಂಗ್ಲಿಷ್‌ನಲ್ಲಿ ಚಿಕ್ಕ ಕ್ಲಾಸುಗಳಲ್ಲಿ ನಿಧಾನ, ಹೈಸ್ಕೂಲಿನ ಹೊತ್ತಿಗೆ ಮುಂದೆ. ನೀವು ನೋಡುತ್ತಿರುವುದು ಆ ನಿಧಾನದ ಭಾಗವನ್ನು.

ಇಷ್ಟಿದ್ದರೂ 'ಬರೀ ಇಂಗ್ಲಿಷ್ ಸಾಕು' ಅನ್ನುವ ನಂಬಿಕೆ ಯಾಕೆ ಹೋಗುವುದಿಲ್ಲ? ಅದು ತುಂಬಾ ಹಳೆಯದು. ಶಾಲೆಯಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಭಾಷೆಯಲ್ಲಿ ಪಾಠ ಮಾಡುವುದು ಟೆಕ್ಸಸ್‌ನಲ್ಲಿ 1918ರಿಂದ ಅಪರಾಧವಾಗಿತ್ತು. ಆ ಕಾನೂನು ಹೋಗಿದ್ದು 1969ರಲ್ಲಿ. ಸ್ಪ್ಯಾನಿಷ್ ಮಾತಾಡಿದ ಮಕ್ಕಳಿಗೆ ಹಲಗೆಯಿಂದ ಏಟು ಬೀಳುತ್ತಿತ್ತು. ಮಾರ್ಫಾ ಊರಿನ ಬ್ಲ್ಯಾಕ್‌ವೆಲ್ ಶಾಲೆಯಲ್ಲಿ 1954ರಲ್ಲಿ ಸ್ಪ್ಯಾನಿಷ್ ಭಾಷೆಗೆ 'ಮಿಸ್ಟರ್ ಸ್ಪ್ಯಾನಿಷ್' ಎಂದು ಹೆಸರಿಟ್ಟು ಅಣಕು ಶವಸಂಸ್ಕಾರ ಮಾಡಿಸಿದರು. ಮಕ್ಕಳಿಂದ ಚೀಟಿ ಬರೆಸಿ, ಪೆಟ್ಟಿಗೆಗೆ ಹಾಕಿಸಿ, ಮಣ್ಣು ಮಾಡಿಸಿದರು. ಆ ಜಾಗ ಈಗ ರಾಷ್ಟ್ರೀಯ ಐತಿಹಾಸಿಕ ತಾಣ. ಏಟು ತಿಂದ ಎಷ್ಟೋ ಜನ ತಮ್ಮ ಮಕ್ಕಳಿಗೆ ಸ್ಪ್ಯಾನಿಷ್ ಕಲಿಸಲೇ ಇಲ್ಲ. ಅಜ್ಜಿಯ ಜೊತೆ ಮಾತಾಡಲು ಬಾರದ ಮೊಮ್ಮಕ್ಕಳು ನಮ್ಮ ಶಾಲೆಯಲ್ಲೂ ಇದ್ದಾರೆ. ಕನ್ನಡ ಮಾತಾಡಿದರೆ ದಂಡ ಹಾಕುವ ಕಾನ್ವೆಂಟುಗಳನ್ನು ನೋಡಿದ ನಮಗೆ ಇದು ಹೊಸದೇನಲ್ಲ, ಅಲ್ವಾ?

ಕ್ಯಾಲಿಫೋರ್ನಿಯಾದಲ್ಲಂತೂ ಜನರೇ ಮತ ಹಾಕಿ 1998ರಲ್ಲಿ ಎರಡು ಭಾಷೆಯ ಪಾಠವನ್ನು ಬಹುಪಾಲು ನಿಲ್ಲಿಸಿದರು. ಅದನ್ನು ಮತ ಹಾಕಿಯೇ ತೆಗೆದಿದ್ದು 2016ರಲ್ಲಿ. ಅಲ್ಲಿಗೆ 18 ವರ್ಷ. ಒಂದು ಪೀಳಿಗೆಯ ಮಕ್ಕಳ ಇಡೀ ಶಾಲಾಜೀವನ ಅದರಲ್ಲೇ ಕಳೆಯಿತು.

ನನಗೆ ಹೆಚ್ಚು ನೋವಾಗುವುದು ಇನ್ನೊಂದು ವಿಷಯಕ್ಕೆ. ಮನೆಯಲ್ಲಿ ಇಂಗ್ಲಿಷ್ ಮಾತಾಡುವ ಮಗು ಸ್ಪ್ಯಾನಿಷ್ ಕಲಿತರೆ ಎಲ್ಲರೂ ಜಾಣೆ ಎನ್ನುತ್ತಾರೆ. ಹೊಂಡುರಾಸ್‌ನ ಮಗುವಿಗೆ ಸ್ಪ್ಯಾನಿಷ್ ಬಂದರೆ ಅದು ಕೊರತೆ. ಇಲ್ಲಿನ ಹಲವು ಶಾಲೆಗಳಲ್ಲಿ ಆ ಮಗುವಿನ ಸ್ಪ್ಯಾನಿಷ್ ಪಾಠ ವರ್ಷ ವರ್ಷ ಕಡಿಮೆಯಾಗಿ ಐದನೇ ಕ್ಲಾಸಿನೊಳಗೆ ನಿಂತೇಹೋಗುತ್ತದೆ. ಅದೇ ಊರಿನಲ್ಲಿ ಇಂಗ್ಲಿಷ್ ಮನೆಮಾತಿನ ಮಕ್ಕಳೂ ಸೇರಬಹುದಾದ ಎರಡು ಭಾಷೆಯ ವಿಶೇಷ ತರಗತಿಗೆ ಉಳ್ಳವರ ಮನೆಯವರು ಸಾಲು ನಿಲ್ಲುತ್ತಾರೆ. ಪೋಷಕರ ಸಭೆಯಲ್ಲಿ ಯಾವುದೇ ಮೇಷ್ಟ್ರು 'ಮನೆಯಲ್ಲೂ ಇಂಗ್ಲಿಷ್ ಮಾತಾಡಿ' ಎಂದು ಇಂಥ ಮಕ್ಕಳ ತಾಯಂದಿರಿಗೆ ಹೇಳಿದಾಗ ನನಗೆ ಸುಮ್ಮನಿರಲು ಆಗುವುದಿಲ್ಲ. ತಾಯಿ ತನಗೆ ಚೆನ್ನಾಗಿ ಬರುವ ಮಾತಿನಲ್ಲಿ ಕಥೆ ಹೇಳಲಿ, ಲೆಕ್ಕ ಕೇಳಲಿ, ಬೈಯಲಿ. ಮಗುವಿಗೆ ಅದೇ ಬೇಕು.

ಅಂಥ ಎರಡು ಭಾಷೆಯ ತರಗತಿಗೆ ನಿಮ್ಮ ಮಗನನ್ನೂ ಸೇರಿಸುವ ಯೋಚನೆ ಇದ್ದರೆ ಶಾಲೆಯಲ್ಲಿ ಎರಡು ವಿಷಯ ಕೇಳಿ. ಸ್ಪ್ಯಾನಿಷ್ ಎಷ್ಟನೇ ಕ್ಲಾಸಿನವರೆಗೆ ಇರುತ್ತದೆ, ಮತ್ತು ಸ್ಪ್ಯಾನಿಷ್ ಮನೆಮಾತಿನ ಮಕ್ಕಳಿಗೆ ಎಷ್ಟು ಸೀಟು ಮೀಸಲಿದೆ. ಅವರ ಸೀಟು ತುಂಬಿದ ಮೇಲೆ ಜಾಗ ಉಳಿದಿದ್ದರೆ ಖಂಡಿತ ಸೇರಿಸಿ. ಮನೆಯಲ್ಲಿ ಕನ್ನಡ ಮಾತ್ರ ಬಿಡಬೇಡಿ.