ಗಲಾಟೆ ಮಾಡದ ಹುಡುಗಿಯ ಎಡಿಎಚ್‌ಡಿ

ಏಳನೇ ತರಗತಿಯ ಹುಡುಗಿ, ವಯಸ್ಸು 12. ಸಿರಿ ಎಂದು ಕರೆಯೋಣ. ಗುರುತು ಸಿಗುವಂಥ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಆಪ್ತಸಲಹೆಗಾರ್ತಿಯಾದ ನನ್ನ ಬಳಿಗೆ ಕರೆದುಕೊಂಡು ಬಂದವರು ತಾಯಿ. ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ. "ಬುದ್ಧಿ ಇದೆ ಮೇಡಂ, ಸೋಮಾರಿತನ ಅಷ್ಟೆ. ಹೇಳಿ ಹೇಳಿ ಸಾಕಾಗೋಯ್ತು" ಎಂಬುದು ಅವರ ದೂರು. ನೀರಿನ ಬಾಟಲಿ, ಕಂಪಾಸ್ ಬಾಕ್ಸ್, ಸ್ವೆಟರ್ ಒಂದೊಂದಾಗಿ ಕಳೆಯುತ್ತಿದ್ದವು. ಹತ್ತು ಲೆಕ್ಕಕ್ಕೆ ಎರಡು ಗಂಟೆ. ಹೋಂವರ್ಕ್ ಮುಗಿಸಿದ ದಿನವೂ ನೋಟ್‌ಬುಕ್ ಬ್ಯಾಗಿನಲ್ಲೇ ಉಳಿದು, ಶಾಲೆಯಲ್ಲಿ "ಬರೆದಿಲ್ಲ" ಎಂದು ಇಂಪೊಸಿಷನ್ ಸಿಗುತ್ತಿತ್ತು. ಟೀಚರ್ ಡೈರಿಯಲ್ಲಿ ಬರೆದಿದ್ದು: ಒಳ್ಳೆಯ ಹುಡುಗಿ, ಗಲಾಟೆ ಇಲ್ಲ, ಯಾವಾಗಲೂ ಯಾವುದೋ ಯೋಚನೆಯಲ್ಲಿರುತ್ತಾಳೆ.

ಗಲಾಟೆ ಇಲ್ಲದ್ದರಿಂದಲೇ ಇಷ್ಟು ವರ್ಷ ಯಾರ ಕಣ್ಣಿಗೂ ಬೀಳಲಿಲ್ಲ. ಎಡಿಎಚ್‌ಡಿ (ಗಮನದ ಕೊರತೆ ಮತ್ತು ಅತಿ ಚಟುವಟಿಕೆಯ ತೊಂದರೆ) ಎಂದರೆ ಬೆಂಚಿನಿಂದ ಬೆಂಚಿಗೆ ಹಾರುವ ಹುಡುಗ ಎಂಬ ಚಿತ್ರ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. ಅತಿ ಚಟುವಟಿಕೆ ಕಡಿಮೆ ಇದ್ದು, ಗಮನದ ಕೊರತೆಯೇ ಮುಖ್ಯವಾಗಿರುವ ಬಗೆಯೂ ಉಂಟು. ಹೆಣ್ಣುಮಕ್ಕಳಲ್ಲಿ ಅದು ಹೆಚ್ಚಾಗಿ ಹೀಗೆಯೇ ಕಾಣಿಸಿಕೊಳ್ಳುತ್ತದೆ. ಯಾರಿಗೂ ತೊಂದರೆ ಕೊಡದ ಮಗುವನ್ನು ಯಾರು ತಾನೇ ಆಪ್ತಸಲಹೆಗೆ ಕರೆತರುತ್ತಾರೆ?

ತಾಯಿಯ ಒಂದು ಮಾತಿಗೆ ನಾನು ಬಹಳ ಹೊತ್ತು ಕೊಟ್ಟೆ. "ರಂಗೋಲಿ ಬಿಡಿಸೋಕೆ ಕೂತ್ರೆ ಅಲ್ಲಾಡಲ್ಲ. ಊಟಕ್ಕೆ ಕರೆದ್ರೂ ಕೇಳ್ಸಲ್ಲ. ಅಲ್ಲಿಗೆ ಗಮನ ಎಲ್ಲಿಂದ ಬರುತ್ತೆ ಮೇಡಂ?" ಬಹುತೇಕ ಎಲ್ಲ ಮನೆಯವರೂ ಈ ಪ್ರಶ್ನೆ ಕೇಳುತ್ತಾರೆ, ಮತ್ತು ಇದೇ ಕಾರಣಕ್ಕೆ ಮಗುವಿಗೆ ಸೋಮಾರಿ ಎಂಬ ಹೆಸರು ಬೀಳುತ್ತದೆ. ಇಂಥ ಮಕ್ಕಳಿಗೆ ಗಮನ ಇರುತ್ತದೆ. ಬೇಕೆಂದ ಕಡೆ, ಬೇಕೆಂದ ಹೊತ್ತಿಗೆ ಅದನ್ನು ತಿರುಗಿಸಿ ನಿಲ್ಲಿಸುವುದು ಕಷ್ಟ. ಇಷ್ಟವಾದ, ಕಣ್ಣೆದುರೇ ಫಲ ಕಾಣುವ ಕೆಲಸ ಮನಸ್ಸನ್ನು ತಾನೇ ಹಿಡಿದಿಟ್ಟುಕೊಳ್ಳುತ್ತದೆ. ಬೇಸರದ, ಫಲ ದೂರ ಇರುವ ಕೆಲಸಕ್ಕೆ ಮನಸ್ಸನ್ನು ನಾವೇ ಎಳೆದು ತಂದು ಕೂರಿಸಬೇಕು. ಹಾಗೆ ಎಳೆದು ತರುವ ಮೆದುಳಿನ ವ್ಯವಸ್ಥೆ ಇವರಲ್ಲಿ ನಿಧಾನವಾಗಿ ಬೆಳೆಯುತ್ತದೆ; ಡೋಪಮಿನ್, ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕಗಳಿಗೂ ಇದಕ್ಕೂ ನಂಟಿದೆ. ನೋಟ್‌ಬುಕ್ ಕೊಡಬೇಕೆಂದು ಸಿರಿಗೆ ಚೆನ್ನಾಗಿ ಗೊತ್ತು. ಕೊಡುವ ಆ ಕ್ಷಣದಲ್ಲಿ ಅದು ನೆನಪಿಗೆ ಬರುವುದಿಲ್ಲ. ಹಾಗಾಗಿ ರಾತ್ರಿ ಕೂರಿಸಿಕೊಂಡು ಹೇಳುವ ಬುದ್ಧಿಮಾತು ಬೆಳಿಗ್ಗೆ ಹತ್ತೂವರೆಗೆ ಅವಳ ಕೈಹಿಡಿಯುವುದಿಲ್ಲ. ನೆರವು ಆ ಹೊತ್ತಿನಲ್ಲೇ, ಆ ಜಾಗದಲ್ಲೇ ಸಿಗಬೇಕು. ನಾನು ಕೊಟ್ಟ ಸಲಹೆಗಳೆಲ್ಲ ಇದರ ಮೇಲೆಯೇ ನಿಂತಿವೆ.

ಅವಳೊಬ್ಬಳನ್ನೇ ಕೂರಿಸಿಕೊಂಡು ಮಾತಾಡಿದಾಗ ಹೇಳಿದಳು: "ಬೇಕೂಂತ ಮಾಡ್ತೀನಿ ಅಂತಾರೆ. ಇರಬಹುದೇನೋ ಅಂತ ನಂಗೂ ಅನ್ಸುತ್ತೆ." ಅಂಕಗಳಿಗಿಂತ ನನಗೆ ಹೆಚ್ಚು ಆತಂಕವಾದದ್ದು ಈ ಮಾತಿನಿಂದ. ತನ್ನ ಮೇಲಿನ ಇಂಥ ತೀರ್ಪು ಮುಂದೆ ಖಿನ್ನತೆಗೂ ಆತಂಕದ ಕಾಯಿಲೆಗೂ ದಾರಿಯಾಗುವುದನ್ನು ಕಂಡಿದ್ದೇನೆ.

ಎಡಿಎಚ್‌ಡಿ ಎಂದು ನಿರ್ಧರಿಸುವುದು ಆಪ್ತಸಲಹೆಗಾರರ ಕೆಲಸವಲ್ಲ. ಮೊದಲು ಮಕ್ಕಳ ವೈದ್ಯರಲ್ಲಿಗೆ ಕಳಿಸಿದೆ. ಕಣ್ಣು, ಕಿವಿ, ರಕ್ತಹೀನತೆ, ಥೈರಾಯ್ಡ್, ನಿದ್ದೆ ಎಲ್ಲವನ್ನೂ ನೋಡಬೇಕಿತ್ತು. ಕೆಲವೇ ಸೆಕೆಂಡು ಮಗು ದಿಟ್ಟಿಸುತ್ತ ನಿಂತುಬಿಡುವ ಒಂದು ಬಗೆಯ ಮೂರ್ಛೆರೋಗವೂ 'ಕನಸು ಕಾಣುವಂತೆ' ತೋರುತ್ತದೆ, ಅದನ್ನೂ ತಳ್ಳಿಹಾಕಬೇಕಿತ್ತು. ಅವೆಲ್ಲ ಸರಿಯಿದ್ದವು. ಬಳಿಕ ಮಕ್ಕಳ ಮನೋವೈದ್ಯರು ತಾಯಿ, ತಂದೆ, ಟೀಚರ್ ಮೂವರಿಂದಲೂ ಪ್ರಶ್ನಾವಳಿ ತುಂಬಿಸಿಕೊಂಡರು. ಎಡಿಎಚ್‌ಡಿಯನ್ನು ಪತ್ತೆಹಚ್ಚುವ ರಕ್ತಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಇಲ್ಲ. ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಯಾದ 2013ರ ಡಿಎಸ್‌ಎಂ-5 ಮಾನದಂಡದಂತೆ, ಗಮನಕ್ಕೆ ಸಂಬಂಧಿಸಿದ 9 ಲಕ್ಷಣಗಳಲ್ಲಿ ಕನಿಷ್ಠ 6 ಆರು ತಿಂಗಳಾದರೂ ಇರಬೇಕು, ಹಲವು 12 ವರ್ಷಕ್ಕೆ ಮೊದಲೇ ಕಾಣಿಸಿರಬೇಕು, ಮನೆ ಮತ್ತು ಶಾಲೆಯಂಥ ಎರಡು ಕಡೆಯಾದರೂ ತೊಂದರೆ ಕೊಡುತ್ತಿರಬೇಕು. ಸಿರಿಯ ವಿಷಯದಲ್ಲಿ ಮೂರೂ ಹೊಂದಿದವು.

ತಾಯಿಗೆ ಹೇಳಿದ್ದು: ಅಡುಗೆಮನೆಯಿಂದ ಕೂಗಿ ಹೇಳಬೇಡಿ. ಹತ್ತಿರ ಹೋಗಿ, ಭುಜ ಮುಟ್ಟಿ, ಮುಖ ನೋಡಿ ಒಂದೇ ಒಂದು ಕೆಲಸ ಹೇಳಿ. ಅದು ಮುಗಿದ ಮೇಲೆ ಇನ್ನೊಂದು. ಓದು 15 ನಿಮಿಷದ ತುಂಡುಗಳಾಗಲಿ, ನಡುವೆ ಎದ್ದು ಓಡಾಡಲಿ. ಎದುರಿಗೆ ಮುಳ್ಳಿನ ಗಡಿಯಾರ ಇಡಿ. ಹೊತ್ತು ಸರಿಯುವುದು ಕಣ್ಣಿಗೆ ಕಾಣಬೇಕು. ಬ್ಯಾಗ್ ರಾತ್ರಿಯೇ ಸಿದ್ಧವಾಗಿ ಬಾಗಿಲ ಬಳಿ ಇರಲಿ. ಬಾಗಿಲಿಗೆ ಅಂಟಿಸುವ ಪಟ್ಟಿಯನ್ನು ಸಿರಿಯೇ ಚಿತ್ರ ಬಿಡಿಸಿ ಮಾಡಿದಳು: ಬಾಟಲಿ, ಬುತ್ತಿ, ಡೈರಿ, ಹೋಂವರ್ಕ್. "ಪಾಸಾದ್ರೆ ಸೈಕಲ್ ಕೊಡಿಸ್ತೀನಿ" ಎಂಬ ಆಸೆ ಈ ಮಕ್ಕಳಿಗೆ ತುಂಬ ದೂರದ್ದು. ಇವತ್ತು ಮಾಡಿದ್ದಕ್ಕೆ ಇವತ್ತೇ ಒಂದು ಒಳ್ಳೆಯ ಮಾತು, ಇಷ್ಟದ ಹತ್ತು ನಿಮಿಷ ಸಿಗಬೇಕು.

ಶಾಲೆಗೆ ಕೇಳಿಕೊಂಡದ್ದು ಇನ್ನೂ ಕಡಿಮೆ. ಕಿಟಕಿಯಿಂದ ದೂರ, ಮುಂದಿನ ಬೆಂಚು. ಪುಸ್ತಕ ಹಂಚುವ ಕೆಲಸ ಅವಳಿಗೆ. ಎದ್ದು ಓಡಾಡಿದಂತಾಗುತ್ತದೆ, ತನ್ನ ನೋಟ್‌ಬುಕ್ ಕೊಡುವುದೂ ನೆನಪಾಗುತ್ತದೆ. ಇಂಪೊಸಿಷನ್ ಬೇಡವೇ ಬೇಡ. ಬರೆಯಲು ಕೂರುವುದೇ ಕಷ್ಟವಾದ ಮಗುವಿಗೆ ಇಪ್ಪತ್ತು ಸಲ ಬರೆಯುವ ಶಿಕ್ಷೆ, ಕುಂಟುವವನನ್ನು ಓಡಿಸಿದ ಹಾಗೆ.

ಮಾತ್ರೆಯ ವಿಷಯ ಬಂದಾಗ ಅಜ್ಜಿ ಸಿಡಿದರು. "ನಮ್ಮ ಹುಡುಗೀಗೆ ತಲೆ ಕೆಟ್ಟಿಲ್ಲ. ಆಮೇಲೆ ಅದಕ್ಕೇ ಒಗ್ಗಿಹೋದ್ರೆ?" ಆ ಭಯವನ್ನು ನಾನು ಹಗುರವಾಗಿ ತಳ್ಳಲಿಲ್ಲ. ಗಮನ ನಿಲ್ಲಿಸಲು ನೆರವಾಗುವಂತೆ ವೈದ್ಯರು ಸೂಚಿಸಿದ ಮಿಥೈಲ್‌ಫೆನಿಡೇಟ್ ಕಾನೂನಿನ ಕಣ್ಗಾವಲಿರುವ ಔಷಧಿ, ವೈದ್ಯರ ಚೀಟಿಯಿಲ್ಲದೆ ಕೊಡುವಂತಿಲ್ಲ. ಆದರೆ ವೈದ್ಯರು ಹೇಳಿದ ಅಳತೆಯಲ್ಲಿ ತೆಗೆದುಕೊಂಡ ಮಗು ಅದಕ್ಕೆ ದಾಸನಾಗುವ ಸಾಧ್ಯತೆ ಬಹಳ ಕಡಿಮೆ. ಅದು ನಿದ್ದೆ ಬರಿಸುವ ಮಾತ್ರೆಯೂ ಅಲ್ಲ. ಹಸಿವು ಕಡಿಮೆಯಾಗಬಹುದು, ನಿದ್ದೆ ತಡವಾಗಬಹುದು, ನಾಡಿಬಡಿತ ಮತ್ತು ರಕ್ತದೊತ್ತಡ ತುಸು ಏರಬಹುದು. ಅದಕ್ಕೇ ವೈದ್ಯರು ಮನೆತನದ ಹೃದ್ರೋಗದ ಬಗ್ಗೆ ವಿಚಾರಿಸಿ, ತೂಕ, ಎತ್ತರ, ಬಿಪಿ ಬರೆದುಕೊಂಡೇ ಸಣ್ಣ ಪ್ರಮಾಣದಲ್ಲಿ ಶುರುಮಾಡಿದರು. ಬೆಳಗಿನ ತಿಂಡಿ ಹೊಟ್ಟೆ ತುಂಬ ಕೊಟ್ಟ ಮೇಲೆ ಮಾತ್ರೆ. ಮಧ್ಯಾಹ್ನ ಬುತ್ತಿ ಉಳಿದರೆ ಬೈಯದೆ ಸಂಜೆ ರಾಗಿ ದೋಸೆಯನ್ನೋ ಮೊಟ್ಟೆಯನ್ನೋ ಕೊಡಿ ಎಂದೆ. ಮಾತ್ರೆ ಒಗ್ಗದವರಿಗೆ ಅಟೊಮಾಕ್ಸೆಟಿನ್‌ನಂಥ ಬೇರೆ ಔಷಧಿಗಳೂ ಇವೆ. ಅಜ್ಜಿ ಕೊಡುತ್ತಿದ್ದ ಬ್ರಾಹ್ಮಿ ಲೇಹ್ಯವನ್ನು ವೈದ್ಯರಿಗೆ ತಿಳಿಸದೆ ಜೊತೆಗೆ ಕೊಡಬೇಡಿ ಎಂದಷ್ಟೇ ಕೇಳಿಕೊಂಡೆ.

ಮೂಲೆಯಲ್ಲಿ ಸುಮ್ಮನೆ ಕೂತಿದ್ದ ತಂದೆ ಆವತ್ತು ಬಾಯಿಬಿಟ್ಟರು. "ನಾನೂ ಹಿಂಗೇ ಇದ್ದೆ. ಬೆಲ್ಟಲ್ಲಿ ಹೊಡೀತಿದ್ರು. ಪಿಯುಸಿ ಅರ್ಧಕ್ಕೆ ಬಿಟ್ಟೆ." ಇವತ್ತಿಗೂ ಕರೆಂಟ್ ಬಿಲ್ ಕಟ್ಟಲು ಮರೆಯುತ್ತಾರೆ, ಕೆಲಸ ಬದಲಿಸುತ್ತಲೇ ಬಂದಿದ್ದಾರೆ. ಎಡಿಎಚ್‌ಡಿಯ ಹಿಂದೆ ವಂಶವಾಹಿಯ ಪಾಲು ಬಹಳ ದೊಡ್ಡದು. ಸಕ್ಕರೆಯಾಗಲಿ ತಾಯಿಯ ಮುದ್ದಾಗಲಿ ಅದನ್ನು ತರುವುದಿಲ್ಲ. ಅವರೂ ಮನೋವೈದ್ಯರನ್ನು ಕಾಣಲು ಒಪ್ಪಿದ್ದಾರೆ. ವಯಸ್ಕರಿಗೂ ಚಿಕಿತ್ಸೆ ಇದೆ.

ಇಂಥ ಅನುಮಾನ ಇರುವ ಮನೆಯವರು ಜಿಲ್ಲಾಸ್ಪತ್ರೆಯ ಮನೋವೈದ್ಯ ವಿಭಾಗ, ಇಲ್ಲವೇ ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ನೋಡುವ ಸರ್ಕಾರಿ ಡಿಇಐಸಿ ಕೇಂದ್ರಕ್ಕೆ ಹೋಗಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೇ ಪ್ರತ್ಯೇಕ ವಿಭಾಗವಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮನಸ್ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಸಿರಿಗೆ ಗಣಿತ ಇನ್ನೂ ಕಷ್ಟವೇ. ಕಲಿಕೆಯ ತೊಂದರೆಯೂ ಜೊತೆಗಿದೆಯೇ ಎಂಬ ಪರೀಕ್ಷೆ ಬಾಕಿ ಇದೆ. ಹೋಂವರ್ಕ್ ಈಗ ಟೀಚರ್ ಮೇಜು ತಲುಪುತ್ತಿದೆ. ಜೂನ್‌ನಲ್ಲಿ ಹೈಸ್ಕೂಲು: ವಿಷಯಕ್ಕೊಬ್ಬರು ಶಿಕ್ಷಕರು, ಯಾರಿಗೂ ಅವಳ ಪರಿಚಯವಿಲ್ಲ. ತಂದೆತಾಯಿಯ ಒಪ್ಪಿಗೆ ಪಡೆದು ಒಂದು ಪುಟದ ಪತ್ರ ಬರೆದೆವು. ಅವಳು ಸೇರಿಸಿದ ಸಾಲನ್ನು ತಿದ್ದದೆ ಹಾಗೇ ಇಟ್ಟಿದ್ದೇನೆ: "ನಾನು ಎಲ್ಲೋ ನೋಡ್ತಾ ಇದ್ರೆ ಎಲ್ಲರ ಮುಂದೆ ಎಬ್ಬಿಸಿ ಕೇಳಬೇಡಿ ಸರ್, ಡೆಸ್ಕ್ ತಟ್ಟಿ, ಕೇಳಿಸ್ಕೋತೀನಿ."