ಟಿಕೆಟ್ ಇಲ್ಲದೆ ಹಿಲೋದ ಹುಲಾ ಹಬ್ಬಕ್ಕೆ ಹೋದರೆ ದಂಡವಾ?

ನಿಮ್ಮ ಪ್ರಶ್ನೆ ಹೀಗಿದೆ: ಈಸ್ಟರ್ ಹೊತ್ತಿಗೆ ಅಮ್ಮನನ್ನು ಕರೆದುಕೊಂಡು ಹವಾಯಿಗೆ ಹೋಗುತ್ತಿದ್ದೀರಿ. ಅಮ್ಮ ಭರತನಾಟ್ಯ ಕಲಿಸುವವರು. ಅಲ್ಲಿನ ಸಾಂಪ್ರದಾಯಿಕ ಕುಣಿತ ಹುಲಾಗೆಂದೇ ಹಿಲೋ ಊರಿನಲ್ಲಿ ನಡೆಯುವ ಮೆರ್ರಿ ಮೊನಾರ್ಕ್ ಹಬ್ಬಕ್ಕೆ ಟಿಕೆಟ್ ಸಿಕ್ಕಿಲ್ಲ. ಹೊನಲುಲುವಿನ ಹೋಟೆಲಿನಲ್ಲಿ ರಾತ್ರಿ ಊಟದ ಜೊತೆ ತೋರಿಸುವ ಹುಲಾ ನೋಡಿ ಬಂದರೆ ಸಾಲದಾ?

ಅಮ್ಮ ಡ್ಯಾನ್ಸ್ ಟೀಚರ್ ಅಲ್ಲದಿದ್ದರೆ ಸಾಕು ಅಂತಿದ್ದೆ. ಅವರಿಗೆ ಸಾಲದು. ಟಿಕೆಟ್ ಇಲ್ಲದಿದ್ದರೂ ಹಿಲೋಗೇ ಹೋಗಿ. ನಾನಿರುವುದು ಕ್ಯಾಲಿಫೋರ್ನಿಯಾದಲ್ಲಿ. ಈ ಹಬ್ಬದಲ್ಲಿ ಸ್ಟೇಡಿಯಂ ಒಳಗೂ ಕೂತಿದ್ದೇನೆ, ಟಿಕೆಟ್ ಸಿಗದೆ ಸುಮ್ನೆ ಊರು ಸುತ್ತಿದ್ದೂ ಇದೆ. ಎರಡೂ ಚೆನ್ನಾಗಿತ್ತು.

ಹಬ್ಬ ಈಸ್ಟರ್ ಭಾನುವಾರ ಶುರುವಾಗಿ ಶನಿವಾರ ಮುಗಿಯುತ್ತದೆ. ಟಿಕೆಟ್ ಬೇಕಾಗುವುದು ಕೊನೆಯ ಮೂರು ರಾತ್ರಿಯ ಸ್ಪರ್ಧೆಗೆ. ಬುಧವಾರ ರಾತ್ರಿ ಅದೇ ಸ್ಟೇಡಿಯಂನಲ್ಲಿ 'ಹೋಇಕೆ' ಅಂತ ಒಂದು ಪ್ರದರ್ಶನ ಇರುತ್ತದೆ. ಅಲ್ಲಿ ತೀರ್ಪುಗಾರರಿಲ್ಲ, ಬಹುಮಾನವಿಲ್ಲ, ಇಷ್ಟು ವರ್ಷ ದುಡ್ಡೂ ತೆಗೆದುಕೊಂಡಿಲ್ಲ. ಹೋಗುವ ಮುಂಚೆ ಹಬ್ಬದ ವೆಬ್‌ಸೈಟಿನಲ್ಲಿ ಆ ವರ್ಷದ ವ್ಯವಸ್ಥೆ ನೋಡಿಕೊಳ್ಳಿ, ಬೇಗ ಹೋಗಿ ಸಾಲಿನಲ್ಲಿ ನಿಲ್ಲಿ. ಹವಾಯಿಯವರಲ್ಲದೆ ಪೆಸಿಫಿಕ್‌ನ ಬೇರೆ ದ್ವೀಪಗಳ ತಂಡಗಳೂ ಅವತ್ತು ಕುಣಿಯುತ್ತವೆ. ಸ್ಟೇಡಿಯಂಗೆ ಎಡಿತ್ ಕನಕಓಲೆ ಅವರ ಹೆಸರಿದೆ. ಆಕೆ ದೊಡ್ಡ ಹುಲಾ ಗುರು. 2023ರಲ್ಲಿ ಅಮೆರಿಕ ಸರ್ಕಾರ 25 ಸೆಂಟ್ ನಾಣ್ಯದ ಮೇಲೆ ಅವರ ಮುಖ ಅಚ್ಚು ಹಾಕಿತು. ಚಿಲ್ಲರೆಯಲ್ಲಿ ಸಿಕ್ಕರೆ ಅಮ್ಮನಿಗೆ ಎತ್ತಿಡಿ.

ಸ್ಪರ್ಧೆಯನ್ನು ನೀವು ಟಿವಿಯಲ್ಲಿ ನೋಡಬಹುದು. ಅಲ್ಲಿನ ಚಾನೆಲ್ಲಿನಲ್ಲೂ ಇಂಟರ್ನೆಟ್‌ನಲ್ಲೂ ನೇರ ಪ್ರಸಾರ ಇರುತ್ತದೆ. ಆ ಮೂರು ರಾತ್ರಿ ಹವಾಯಿಯ ಎಷ್ಟೋ ಮನೆಗಳಲ್ಲಿ ಟಿವಿ ಆರುವುದೇ ಇಲ್ಲ. ಗುರುವಾರ ಒಬ್ಬೊಬ್ಬರೇ ಹೆಣ್ಣುಮಕ್ಕಳು ಕುಣಿಯುವ 'ಮಿಸ್ ಅಲೋಹ ಹುಲಾ'. ಶುಕ್ರವಾರ ತಂಡಗಳ ಕಹಿಕೋ, ಅಂದರೆ ಹಳೆಯ ಶೈಲಿ. ಶನಿವಾರ ಔವಾನ, ಹೊಸ ಶೈಲಿ. ಆಮೇಲೆ ಬಹುಮಾನ. ಒಂದೇ ರಾತ್ರಿ ನೋಡಲು ಪುರುಸೊತ್ತು ಇದ್ದರೆ ಕಣ್ಣು ಮುಚ್ಚಿಕೊಂಡು ಶುಕ್ರವಾರ ಆರಿಸಿಕೊಳ್ಳಿ.

ಯಾಕೆ ಅಂದರೆ, ಕಹಿಕೋದಲ್ಲಿ ಗಿಟಾರ್ ಇಲ್ಲ, ಉಕುಲೇಲೆ ಇಲ್ಲ. ಗುರು ಒಂದು ಪಕ್ಕ ಕೂತು ಮಂತ್ರದ ಹಾಗೆ ಹೇಳುತ್ತಾ ತಾಳ ಹಿಡಿಯುತ್ತಾರೆ. ಭರತನಾಟ್ಯದಲ್ಲಿ ನಟುವಾಂಗ ಮಾಡುವ ಗುರು ನೆನಪಾಗದೆ ಇರಲ್ಲ. ಹುಲಾ ಗುರುವಿನ ಕೈಯಲ್ಲಿರುವುದು ಇಪು ಹೆಕೆ, ಒಣಗಿದ ಎರಡು ಸೋರೆ ಬುರುಡೆಗಳನ್ನು ಒಂದರ ಮೇಲೊಂದು ಕೂರಿಸಿದ ವಾದ್ಯ. ಅದನ್ನು ನೆಲಕ್ಕೆ ಕುಟ್ಟಿದರೆ ಒಂದು ಸದ್ದು, ಬೆರಳಿನಲ್ಲಿ ತಟ್ಟಿದರೆ ಇನ್ನೊಂದು. ಕೆಲವು ಕುಣಿತಕ್ಕೆ ಪಹು ಎಂಬ ಡೋಲು ಬರುತ್ತದೆ. ತೆಂಗಿನ ಕಾಂಡ ಕೊರೆದು, ಬಾಯಿಗೆ ಶಾರ್ಕ್ ಮೀನಿನ ಚರ್ಮ ಬಿಗಿದಿರುತ್ತಾರೆ. ಕುಣಿಯುವವರ ಕೈಯಲ್ಲೇ ಹೊಳೆಯ ನುಣುಪು ಕಲ್ಲುಗಳು, ಸೀಳಿದ ಬಿದಿರು, ಗರಿ ಕಟ್ಟಿದ ಗಿಲಕಿ ಇರುವುದೂ ಉಂಟು.

ಅಮ್ಮನಿಗೆ ಒಂದು ವಿಷಯ ಮೊದಲೇ ಹೇಳಿ: ಇಲ್ಲಿ ನೃತ್ತದ ಥರ ಬರೀ ಲಯಕ್ಕೆ ಕುಣಿಯುವುದು ಇಲ್ಲ. ಹಾಡಿನ ಮಾತು ಇದ್ದರೇನೇ ಹುಲಾ. ಸೊಂಟವನ್ನೇ ನೋಡುತ್ತಾ ಕೂತರೆ ಅರ್ಧ ತಪ್ಪಿಹೋಗುತ್ತದೆ. ಕೈ ಎತ್ತ ಹೋಗುತ್ತದೋ ಅತ್ತ ಅವರ ಕಣ್ಣು ಹೋಗುವುದನ್ನು ಗಮನಿಸಲಿ. ಮಳೆ, ಅಲೆ, ಬೆಟ್ಟ, ರಾಜನ ಹೊಗಳಿಕೆ, ಜ್ವಾಲಾಮುಖಿಯ ದೇವಿ ಪೆಲೆ, ಅವಳ ತಂಗಿ ಹಿಇಯಾಕ ಎಲ್ಲ ಆ ಕೈಯಲ್ಲೇ ಬರುತ್ತವೆ. ತಂಡ ವೇದಿಕೆಗೆ ಬರುವ ರೀತಿಗೂ ಅಂಕ ಇದೆ, ಹೊರಗೆ ಹೋಗುವ ರೀತಿಗೂ ಇದೆ. ಹೋಟೆಲ್ ಶೋನಲ್ಲಿ ಇದಕ್ಕೆಲ್ಲ ಜಾಗವೆಲ್ಲಿ? ಅಲ್ಲಿನ ಕಲಾವಿದರಲ್ಲೂ ಒಳ್ಳೆಯವರು ಇರುತ್ತಾರೆ. ಆದರೆ ಮುಂದೆ ಊಟ ಮಾಡುತ್ತಾ ಕೂತವರಿಗೆ ಆ ಮಾತು ಗೊತ್ತಿಲ್ಲ. ಹಿಲೋದಲ್ಲಿ ಗೊತ್ತಿರುವವರು ಬೇಕಾದಷ್ಟು ಜನ ಇರುತ್ತಾರೆ. ಒಂದು ಹೆಜ್ಜೆ ಚೆನ್ನಾಗಿ ಬಿತ್ತು ಅಂದರೆ ಆ ಕ್ಷಣವೇ ಕೂಗು ಏಳುತ್ತದೆ.

ತಮಾಷೆ ಅಂದರೆ, ಈ ಹಬ್ಬ ಹುಟ್ಟಿದ್ದೇ ಟೂರಿಸ್ಟ್‌ಗಳಿಗಾಗಿ. 1960ರ ಸುನಾಮಿಯಲ್ಲಿ ಹಿಲೋದ 61 ಜನ ಸತ್ತರು, ಪೇಟೆಯ ಒಂದು ಭಾಗವೇ ಕೊಚ್ಚಿಹೋಯಿತು. ಕಬ್ಬಿನ ತೋಟಗಳೂ ಸೊರಗುತ್ತಿದ್ದವು. ನಾಲ್ಕು ಜನ ಬರಲಿ, ವ್ಯಾಪಾರ ಆಗಲಿ ಅಂತ 1964ರಲ್ಲಿ ಹಬ್ಬ ಶುರುವಾಯಿತು. ಆಗ ರಾಜ ಕಲಾಕೌವಾನ ಥರ ಗಡ್ಡ ಬಿಟ್ಟವರ ಸ್ಪರ್ಧೆಯೂ ಇತ್ತು! ಕೆಲವೇ ವರ್ಷದಲ್ಲಿ ಹುರುಪು ಇಳಿಯಿತು. ಆಗ ಡಾಟಿ ಥಾಮ್ಸನ್ ಎಂಬಾಕೆ ಹೊಣೆ ಹೊತ್ತರು. ಹುಲಾ ಗುರು ಜಾರ್ಜ್ ನಾಓಪೆ ಅವರ ಜೊತೆ ಸೇರಿ 1971ರಲ್ಲಿ ಹುಲಾ ಸ್ಪರ್ಧೆ ಇಟ್ಟರು. ಮೊದಲು ಹೆಂಗಸರಿಗೆ ಮಾತ್ರ. ಗಂಡಸರ ತಂಡಗಳು ಬಂದಿದ್ದು 1976ರಲ್ಲಿ. ಕ್ರಮೇಣ ಇದು ಹವಾಯಿಯವರು ತಮಗಾಗಿ ಮಾಡಿಕೊಳ್ಳುವ ಹಬ್ಬವಾಯಿತು.

ಆ ಕಲಾಕೌವಾನೇ ಹಬ್ಬದ ಹೆಸರಿನಲ್ಲಿರುವ 'ಉಲ್ಲಾಸದ ರಾಜ'. ಮಿಷನರಿಗಳು ಬಂದ ಮೇಲೆ, 1830ರಲ್ಲಿ ಕಆಹುಮನು ರಾಣಿ ಬಹಿರಂಗವಾಗಿ ಹುಲಾ ಮಾಡಬಾರದು ಅಂತ ಆಜ್ಞೆ ಹೊರಡಿಸಿದ್ದಳು. ಇವನು 1883ರಲ್ಲಿ ತನ್ನ ಪಟ್ಟಾಭಿಷೇಕಕ್ಕೆ ಎಲ್ಲರ ಎದುರಿಗೇ ಹುಲಾ ಮಾಡಿಸಿದ. (1881ರಲ್ಲಿ ಪ್ರಪಂಚ ಸುತ್ತುವಾಗ ಕಲ್ಕತ್ತ, ಬಾಂಬೆಗೂ ಬಂದಿದ್ದ.) ಅವನು ಸತ್ತ ಎರಡೇ ವರ್ಷಕ್ಕೆ, 1893ರಲ್ಲಿ, ರಾಜ್ಯವೇ ಕೈಬಿಟ್ಟಿತು. 1896ರಲ್ಲಿ ಶಾಲೆಗಳಲ್ಲಿ ಇಂಗ್ಲಿಷೇ ಇರಬೇಕು ಅಂತ ಕಾನೂನು ಬಂತು. ಮಿಸ್ ಅಲೋಹ ಹುಲಾದಲ್ಲಿ ಹವಾಯಿ ಭಾಷೆಗೇ ಬೇರೆ ಬಹುಮಾನ ಇಟ್ಟಿದ್ದು ಯಾಕೆ ಅಂತ ಇದರಿಂದ ಗೊತ್ತಾಗುತ್ತದೆ.

ಹಗಲು ಕರಕುಶಲ ಮೇಳಕ್ಕೆ ಹೋಗಿ. ಸ್ಟೇಡಿಯಂ ಹತ್ತಿರದ ಸಭಾಂಗಣದಲ್ಲಿ ದೊಡ್ಡದೊಂದು ನಡೆಯುತ್ತದೆ, ಪ್ರವೇಶ ಉಚಿತ. ನಮ್ಮ ಕೇದಗೆ ಜಾತಿಯ ಗಿಡದ ಎಲೆಯಲ್ಲಿ ಹೆಣೆದ ಟೋಪಿ, ಚಾಪೆ ಸಿಗುತ್ತವೆ. ಮುಳ್ಳು ತೆಗೆದು, ಎಲೆ ಮೆದು ಮಾಡಿ, ಸಣ್ಣಗೆ ಸೀಳಿ ಹೆಣೆಯಬೇಕು. ಹಾಗಾಗಿ ಬೆಲೆ ಜಾಸ್ತಿ, ಚೌಕಾಸಿ ಮಾಡಬೇಡಿ. ಮರದ ಒಳತೊಗಟೆಯನ್ನು ನೆನೆಸಿ, ಕೊಡತಿಯಲ್ಲಿ ಬಡಿದು ಬಡಿದು ಬಟ್ಟೆಯಷ್ಟು ತೆಳ್ಳಗೆ ಮಾಡುವ ಕಪಾ ಕಂಡರೆ ನಿಂತು ನೋಡಿ. ಅದರ ಚಿತ್ತಾರಕ್ಕೆ ಬಿದಿರಿನ ಅಚ್ಚು ಬಳಸುತ್ತಾರೆ. ನಿಇಹೌ ದ್ವೀಪದ ಸಣ್ಣ ಚಿಪ್ಪುಗಳ ಹಾರದ ಬೆಲೆಯನ್ನು ಮಾತ್ರ ಕೂತುಕೊಂಡೇ ಕೇಳಿ!

ಶನಿವಾರ ಬೆಳಿಗ್ಗೆ ಪೇಟೆಯಲ್ಲಿ ಮೆರವಣಿಗೆ. ಉದ್ದನೆಯ ಲಂಗ, ಮೈತುಂಬ ಹೂವು, ಕುದುರೆ ಮೇಲೆ ಹೆಂಗಸರು. ಒಂದೊಂದು ದ್ವೀಪಕ್ಕೂ ಅದರದೇ ಬಣ್ಣ, ಅದರದೇ ಹಾರ.

ರೂಮು ಇವತ್ತೇ ಹುಡುಕಿ, ಹಿಲೋ ಸಣ್ಣ ಊರು. ಅಲ್ಲಿ ಸಿಗದಿದ್ದರೆ ವೊಲ್ಕೇನೋ ಹಳ್ಳಿ ಕಡೆ ನೋಡಿ. ಕಿಲಾವೆಯ ಜ್ವಾಲಾಮುಖಿಯೂ ಅಲ್ಲೇ ಪಕ್ಕದಲ್ಲಿದೆ, ಅಮ್ಮನಿಗೆ ಪೆಲೆಯ ಮನೆ ತೋರಿಸಿದ ಹಾಗಾಗುತ್ತದೆ. ಕಾಡಿಗೆ ಹೋಗುವಾಗ ಶೂ ಉಜ್ಜಲು ಬ್ರಷ್ ಇಟ್ಟಿರುತ್ತಾರೆ. ಓಹಿಯ ಮರಗಳಿಗೆ ಶಿಲೀಂಧ್ರದ ರೋಗ ಬಂದಿದೆ, ಅದು ಮಣ್ಣಿನ ಜೊತೆಯೂ ಹರಡುತ್ತದೆ. ದಯವಿಟ್ಟು ಉಜ್ಜಿ. ಛತ್ರಿ ಬೇಕೇ ಬೇಕು, ಅಮೆರಿಕದಲ್ಲಿ ಅತಿ ಹೆಚ್ಚು ಮಳೆ ಬೀಳುವ ಊರುಗಳಲ್ಲಿ ಹಿಲೋ ಒಂದು. ಅಮ್ಮನ ಶಿಷ್ಯರಿಗೂ ನೇರ ಪ್ರಸಾರದ ವಿಷಯ ತಿಳಿಸಿ. ಹಿಲೋದ ಸಂಜೆ 6 ಅಂದರೆ ಬೆಂಗಳೂರಿನಲ್ಲಿ ಮರುದಿನ ಬೆಳಿಗ್ಗೆ 9.30. ಹಾಗಾಗಿ ಕಹಿಕೋ ಅವರಿಗೆ ಶನಿವಾರ ಬೆಳಿಗ್ಗೆ ಬರುತ್ತದೆ.