ಕೂತರೆ ಪೃಷ್ಠದಲ್ಲಿ ನೋವು

ಪ್ರಶ್ನೆ: ನನಗೆ 36 ವರ್ಷ, ಕ್ಯಾಬ್ ಓಡಿಸುತ್ತೇನೆ. ಮೂರು ತಿಂಗಳಿಂದ ಬಲ ಪೃಷ್ಠದ ಆಳದಲ್ಲಿ ನೋವು. ಅರ್ಧ ಗಂಟೆ ಕೂತರೆ ತೊಡೆಯ ಹಿಂಭಾಗ ಜೋಮು ಹಿಡಿಯುತ್ತದೆ. ಎದ್ದು ಓಡಾಡಿದರೆ ಕಡಿಮೆ. ಸೊಂಟ ನೋವಿಲ್ಲ. ಕಾರಣವೇನು?

ಉತ್ತರ: ನಿಮ್ಮ ವಿವರಣೆ ಪಿರಿಫಾರ್ಮಿಸ್ ಸ್ನಾಯುವಿನ ತೊಂದರೆಗೆ ಹೆಚ್ಚು ಹೊಂದುತ್ತದೆ. ಪೃಷ್ಠದ ಆಳದಲ್ಲಿರುವ ಈ ಸ್ನಾಯು ಬಿಗಿದರೆ, ಅದರಡಿ ಹಾಯ್ದು ಕಾಲಿಗಿಳಿಯುವ ಸಯಾಟಿಕ್ ನರವನ್ನು ಒತ್ತುತ್ತದೆ. ಪ್ಯಾಂಟಿನ ಹಿಂಜೇಬಿನಲ್ಲಿ ಪರ್ಸ್ ಇಡುತ್ತೀರಾ? ಇವತ್ತೇ ತೆಗೆಯಿರಿ. 45 ನಿಮಿಷಕ್ಕೊಮ್ಮೆ ಗಾಡಿ ನಿಲ್ಲಿಸಿ ಎರಡು ನಿಮಿಷ ನಡೆಯಿರಿ. ಅಂಗಾತ ಮಲಗಿ, ಬಲ ಪಾದದ ಗಿಣ್ಣನ್ನು ಎಡ ಮೊಣಕಾಲ ಮೇಲಿಟ್ಟು, ಎಡ ತೊಡೆಯನ್ನು ಎದೆಯತ್ತ ಎಳೆದು 30 ಸೆಕೆಂಡ್ ಹಿಡಿಯಿರಿ. ಮೂರು ಸಲ, ದಿನಕ್ಕೆರಡು ಬಾರಿ. ಎಳೆತ ಗೊತ್ತಾಗಬೇಕು, ನೋವು ಹೆಚ್ಚಬಾರದು.

ಕೆಮ್ಮಿದಾಗ, ಬಗ್ಗಿದಾಗ ನೋವು ಮೊಣಕಾಲು ದಾಟಿ ಪಾದಕ್ಕಿಳಿದರೆ ಬೆನ್ನಿನ ಡಿಸ್ಕ್ ಕಾರಣವಿರಬಹುದು. ಸೊಂಟ ನೋವೇ ಇಲ್ಲದೆಯೂ ಹೀಗಾಗುತ್ತದೆ. ಕೂರುವ ಮೂಳೆಯ ಮೇಲೆ ಒಂದೇ ಕಡೆ ಒತ್ತಿದರೆ ನೋವು ಅನ್ನುವುದಾದರೆ ಅಲ್ಲಿನ ಬರ್ಸಾ (ಮೂಳೆಗೆ ಮೆತ್ತೆಯಂತಿರುವ ದ್ರವದ ಚೀಲ) ಊದಿರಬಹುದು.

ನಿಮ್ಮ ವಯಸ್ಸಿನಲ್ಲಿ ಗುರುತಿಸದೆ ತಪ್ಪಿಹೋಗುವ ಕಾಯಿಲೆಯೆಂದರೆ ಸ್ಯಾಕ್ರೋಇಲಿಯಾಕ್ ಕೀಲಿನ (ಬೆನ್ನುಮೂಳೆಯ ಬುಡ ಸೊಂಟದ ಮೂಳೆಗೆ ಸೇರುವ ಕೀಲು) ಉರಿಯೂತ. ನಸುಕಿನಲ್ಲಿ ನೋವಿನಿಂದ ಎಚ್ಚರ, ಬೆಳಿಗ್ಗೆ ಅರ್ಧ ಗಂಟೆಗೂ ಮೀರಿದ ಬಿಗಿತ, ನೋವು ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ: ಹೀಗಿದ್ದರೆ ಸಂಧಿವಾತ ತಜ್ಞರನ್ನು ಕಾಣಿ. ಆರಂಭದಲ್ಲಿ ಎಕ್ಸ್‌ರೇ ಸರಿಯಾಗಿಯೇ ಕಾಣಬಹುದು, ಎಂಆರ್‌ಐ ಬೇಕಾಗುತ್ತದೆ.

ಆರು ವಾರದಲ್ಲಿ ಇಳಿಯದಿದ್ದರೆ ಮೂಳೆ ತಜ್ಞರಿಗೆ ತೋರಿಸಿ. ಮೂತ್ರ ಕಟ್ಟಿದರೆ, ಮಲದ ಹಿಡಿತ ತಪ್ಪಿದರೆ, ತೊಡೆಸಂದು ಮರಗಟ್ಟಿದರೆ, ಕಾಲು ಸೋತರೆ ತಡಮಾಡದೆ ತುರ್ತು ಚಿಕಿತ್ಸೆಗೆ ಹೋಗಿ. ಜ್ವರದೊಂದಿಗೆ ಕೆಂಪು ಬಾವು ಬಂದರೂ ಅಂದೇ ವೈದ್ಯರಿಗೆ ತೋರಿಸಿ.